ನಳಿಗೆಯ ಮೇಲಿನ ಕೈ

ಅಪ್ಪ ತೀರಿಕೊಂಡ ಮೇಲೆ ಅವನ ಕೋವಿಯ ಲೈಸೆನ್ಸು ನನ್ನ ಹೆಸರಿಗೆ ಬಂತು. ಒಬ್ಬಳೇ ಮಗಳು ನಾನು. ಬೇರೆ ಯಾರಿಗೆ ಬರಬೇಕು? ಬಾಯಿಯ ಕಡೆಯಿಂದ ಮದ್ದು ತುಂಬಿ, ಕಬ್ಬಿಣದ ಗಜದಿಂದ ಜಡಿಯುವ ಹಳೇ ಕೋವಿ ಅದು. ತ್ಯಾಮಗೊಂಡ್ಲು ಹತ್ತಿರದ ನಮ್ಮ ಹೊಲಕ್ಕೆ ಹಂದಿ ನುಗ್ಗುತ್ತವೆಂದು ತಾತ ಕೊಂಡಿದ್ದನಂತೆ. ನನಗೆ ಬುದ್ಧಿ ತಿಳಿದಾಗಿನಿಂದ ಅದು ಗೋಣಿತಾಟಿನಲ್ಲಿ ಸುತ್ತಿಕೊಂಡು ಅಟ್ಟದ ಮೇಲೇ ಇತ್ತು. ಚುನಾವಣೆ ಬಂದಾಗ ಅಪ್ಪ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತಂದು ಮತ್ತೆ ಅಲ್ಲೇ ಇಡುತ್ತಿದ್ದ. ಆಯುಧಪೂಜೆಯ ದಿನ ಕುಡುಗೋಲಿಗೆ, ನೇಗಿಲಿಗೆ, ನನ್ನ ಸ್ಕೂಟರಿಗೆ ಕೂಡ ಕುಂಕುಮ ಹಚ್ಚುತ್ತಿದ್ದೆವು. ಕೋವಿಯನ್ನು ಮಾತ್ರ ಯಾರೂ ಕೆಳಗಿಳಿಸುತ್ತಿರಲಿಲ್ಲ.

ಲೈಸೆನ್ಸ್ ನವೀಕರಣಕ್ಕೆಂದು ಕೋವಿ ತೆಗೆದುಕೊಂಡು ಹೋದಾಗ ಠಾಣೆಯವರು ನಳಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಂಬರೇ ಕಾಣಿಸ್ತಿಲ್ವಲ್ಲಮ್ಮ. ತುಕ್ಕು ತೆಗೆದು ತಗೊಂಬನ್ನಿ" ಅಂದರು.

ತುಕ್ಕು ತೆಗೆಯುವುದು ನನಗೆ ದೊಡ್ಡ ಮಾತಾಗಿರಲಿಲ್ಲ. ಸೋಂಪುರದ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಬಿಡಿಭಾಗಗಳಿಗೆ ಕಪ್ಪು ಮೆರುಗು ಕೊಡುವ ವಿಭಾಗದಲ್ಲೇ ನನ್ನ ಕೆಲಸ. ಅಲ್ಲಿದ್ದ ಹಿರಿಯ ಮೇಸ್ತ್ರಿಯೊಬ್ಬರು ಹಳೇ ಕಾಲದ ವಿಧಾನವನ್ನೂ ಹೇಳಿಕೊಟ್ಟಿದ್ದರು. ಕಬ್ಬಿಣವನ್ನು ಚೆನ್ನಾಗಿ ಉಜ್ಜಿ, ಜಿಡ್ಡು ತೆಗೆದು, ದ್ರಾವಣ ಸವರಿ, ಹಬೆಯಲ್ಲಿ ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಬೇಕು. ಆಮೇಲೆ ಕುದಿಯುವ ನೀರಿಗೆ ಹಾಕಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಸಡಿಲವಾದದ್ದನ್ನು ಉಜ್ಜಿ ತೆಗೆದು ಮತ್ತೆ ಸವರಬೇಕು. ಹೀಗೆ ಏಳೆಂಟು ಸಲ ಮಾಡಿದರೆ ಒಳ್ಳೇ ಬಣ್ಣ ಕೂರುತ್ತದೆ. ಬರೀ ನಂಬರು ಕಾಣಿಸಿದರೆ ಸಾಕಿತ್ತು. ಆದರೆ ಅಪ್ಪನ ವಸ್ತು, ಪೂರ್ತಿ ಮಾಡೋಣ ಅಂದುಕೊಂಡೆ.

"ಅದ್ನ ಯಾಕವ್ವ ಕೆದಕ್ತೀಯ? ಕೊಟ್ಬುಡು ಅತ್ಲಾಗೆ" ಅಂದಳು ಅವ್ವ. ವಯಸ್ಸಾದವರ ಗೊಣಗಾಟವೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಳಗೆ ಮದ್ದು ಉಳಿದಿದೆಯೋ ಎಂದು ಮೊದಲು ಗಜ ಇಳಿಸಿ ನೋಡಿದೆ. ಅದು ತಳ ಮುಟ್ಟಿತು. ಮರದಿಂದ ನಳಿಗೆ ಬಿಚ್ಚಿ, ಸೀಮೆಎಣ್ಣೆ ಹಾಕಿ ಉಜ್ಜಿದೆ. ನಂಬರು ಕಾಣಿಸಿತು. ನಳಿಗೆಯ ಬಾಯಿಗೂ ಮದ್ದಿಗೆ ಕಿಡಿ ತಾಗುವ ತೂತಿಗೂ ಮರದ ಬಿರಡೆ ಜಡಿದು, ಸೋಡಾ ನೀರಲ್ಲಿ ತೊಳೆದು, ದ್ರಾವಣ ಸವರಿ, ಹಂಡೆಯಲ್ಲಿ ನೀರು ಕಾಯಿಸಿದ ಬಚ್ಚಲುಮನೆಯಲ್ಲಿ ತೂಗುಹಾಕಿದೆ.

ಬೆಳಗ್ಗೆ ಬಾಗಿಲು ತೆಗೆದಾಗ ನಳಿಗೆಯ ತುಂಬ ಸಣ್ಣ ಕೆಂಪು ತುಕ್ಕು ಎದ್ದಿತ್ತು. ನಡುವೆ ಒಂದು ಕಡೆ ಮಾತ್ರ ನಾಲ್ಕು ಗಾಢ ಪಟ್ಟೆಗಳು ಸುತ್ತುಗಟ್ಟಿದ್ದವು. ತಿರುಗಿಸಿದೆ. ಆ ಬದಿಯಲ್ಲಿ ಹೆಬ್ಬೆರಳು.

ನಾನೇ ಬರಿಗೈಯಲ್ಲಿ ಮುಟ್ಟಿರಬೇಕು ಅಂದುಕೊಂಡೆ. ಹೊಸ ಕೈಗವಸು ಹಾಕಿಕೊಂಡು, ಮತ್ತೆ ಮೊದಲಿಂದ ಉಜ್ಜಿ, ಸವರಿ, ತೂಗುಹಾಕಿದೆ. ಮರುದಿನ ಅದೇ ಜಾಗದಲ್ಲಿ ಅದೇ ಕೈ. ಮೂರನೇ ಸಲ ಇನ್ನೂ ಸ್ಪಷ್ಟವಾಗಿ ಬಂತು. ತೋರುಬೆರಳಿನ ಪಟ್ಟೆ ಉಳಿದವುಗಳಿಗಿಂತ ಅಗಲವಾಗಿತ್ತು. ಆಮೇಲೆ ಬೆಳಗಾದರೆ ಬಚ್ಚಲ ಬಾಗಿಲು ತೆಗೆಯಲು ನನಗೆ ಅಂಜಿಕೆಯಾಗತೊಡಗಿತು. ಯಾರೋ ಒಳಗೆ ನಿಂತು ಅದನ್ನು ಹಿಡಿದುಕೊಂಡಿದ್ದಾರೆ, ನನ್ನ ಸದ್ದು ಕೇಳಿ ಈಗಷ್ಟೇ ಬಿಟ್ಟರು ಅನ್ನಿಸುತ್ತಿತ್ತು.

ನಾಲ್ಕನೇ ಬೆಳಗ್ಗೆ ಅವ್ವ ನನಗಿಂತ ಮುಂಚೆ ಎದ್ದು ಬಚ್ಚಲಲ್ಲಿದ್ದಳು. ನಾನು ನೋಡುತ್ತಿದ್ದಂತೆ ಎಡಗೈ ಚಾಚಿ ಆ ಗುರುತಿನ ಮೇಲಿಟ್ಟು ಹಿಡಿದಳು. ಬೆರಳಿಗೆ ಬೆರಳು ಕೂತಿತು. ಅವಳ ತೋರುಬೆರಳಲ್ಲಿ ಕುಡುಗೋಲಿನ ಹಳೇ ಗಾಯದ ಕಲೆಯೊಂದಿದೆ. ಅಗಲವಾದ ಪಟ್ಟೆ ಅದರಡಿಯಲ್ಲಿತ್ತು.

"ನಂದೇ ಕಣವ್ವ" ಅಂದಳು.

ನಾನು ತೊಟ್ಟಿಲಲ್ಲಿದ್ದ ಕಾಲದ ಮಾತು. ನನಗೊಬ್ಬ ಚಿಕ್ಕಪ್ಪನಿದ್ದನೆಂಬುದು ಅಪ್ಪ ಅವ್ವನ ಮದುವೆ ಫೋಟೋದಿಂದ ಗೊತ್ತಿತ್ತು. ಎಲ್ಲೋ ಕೆಲಸಕ್ಕೆ ಹೋದವನು ಬರಲಿಲ್ಲ ಎಂದಷ್ಟೇ ಹೇಳಿದ್ದರು.

"ರಾಗಿ ಕೊಯ್ತಿದ್ವಿ. ಬೆರಳು ಕುಯ್ಕಂಡು ರಕ್ತ ಸುರೀತಿತ್ತು. ಬದುವಿನ ಹುಣಸೆಮರ ಯಾರ ಪಾಲಿಗೆ ಅಂತ ಅಣ್ಣ ತಮ್ಮ ಬೆಳಗ್ಗಿಂದ ಕೂಗಾಡ್ತಿದ್ರು. ನಿಮ್ಮಪ್ಪ ಮನೆಗೋಗಿ ಇದ್ನ ತಂದು ತಮ್ಮನ ಎದೆಗೆ ಗುರಿ ಇಟ್ಟ. ನಾನು ಓಡೋಗಿ ಹಿಡ್ಕಂಡು ಮೇಲಕ್ಕೆತ್ತಿದೆ. ಎತ್ತುತ್ಲೂ ಹಾರ್ತು."

"ಚಿಕ್ಕಪ್ಪಂಗೆ?"

"ಏನೂ ಆಗ್ಲಿಲ್ಲ. ಅಣ್ಣನ ಮುಖಾನೇ ನೋಡ್ತಾ ನಿಂತಿದ್ದ. ಆಮೇಲೆ ಟವಲ್ ಕೊಡವಿ ಹೆಗಲಿಗೆ ಹಾಕ್ಕಂಡು ನಡ್ಕಂಡು ಹೋದ. ನಿಮ್ಮಪ್ಪ ಇದ್ನ ಒರೆಸ್ಲೂ ಇಲ್ಲ. ಹಂಗೇ ಸುತ್ತಿ ಅಟ್ಟದ ಮೇಲಿಟ್ಟ."

ರಕ್ತದ ಉಪ್ಪು ಅಷ್ಟು ವರ್ಷ ಕಬ್ಬಿಣವನ್ನು ತಿಂದಿದೆ, ಅದಕ್ಕೇ ಗುರುತು ಏಳುತ್ತಿದೆ ಎಂದು ಅವಳಿಗೆ ಹೇಳಿದೆ. ನನಗೂ ಹೇಳಿಕೊಂಡೆ.

"ಹೋಗುತ್ತಾ?"

"ಅರ ಹಾಕಿ ಉಜ್ಜಿದ್ರೆ ಹೋಗುತ್ತೆ."

"ಉಜ್ಜು."

ಅರ್ಧ ದಿನ ಉಜ್ಜಿದೆ. ನಳಿಗೆ ಬೆಳ್ಳಿಯಂತೆ ಹೊಳೆಯಿತು. ಮತ್ತೆ ಸವರಿ, ಕುದಿಸಿದಾಗ ಬೆರಳುಗಳು ಮಾಯವಾಗಿದ್ದವು. ಹೆಬ್ಬೆರಳು ಮಾತ್ರ ಹಾಗೇ ಉಳಿದಿತ್ತು. ಅರವನ್ನು ಮತ್ತೆ ಕೈಗೆತ್ತಿಕೊಂಡಾಗ ಅವ್ವ ನನ್ನ ಮಣಿಕಟ್ಟು ಹಿಡಿದಳು.

"ಸಾಕು. ಇದು ಮನೇಲಿ ಬ್ಯಾಡ."

ನಾನು ಲೈಸೆನ್ಸ್ ನವೀಕರಿಸಲಿಲ್ಲ. ಕೋವಿಯನ್ನು ಜೋಡಿಸಿ, ಎಣ್ಣೆ ಸವರಿ, ಠಾಣೆಗೆ ಒಪ್ಪಿಸಿ ಬಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಅವ್ವ ಮಾತ್ರ ಬಾಗಿಲ ಕಡೆ ಮುಖ ಮಾಡಿ ಉಣ್ಣಲು ಶುರುಮಾಡಿದಳು. ಒಂದು ದಿನ ತಾನಾಗಿಯೇ ಹೇಳಿದಳು: "ಹೊಸಕೋಟೆ ತರಕಾರಿ ಮಾರ್ಕೆಟ್ನಲ್ಲಿ ನಿನ್ನ ಚಿಕ್ಕಪ್ಪನ್ನ ನೋಡ್ದೆ ಅಂತ ನಮ್ಮ ಕಡೆಯವ್ರೊಬ್ರು ಒಂದ್ಸಲ ಹೇಳಿದ್ರು. ನಿಮ್ಮಪ್ಪಂಗೆ ನಾನು ಹೇಳ್ಲೇ ಇಲ್ಲ. ಮತ್ತೆ ಎಲ್ಲಿ ಹೋಗಿ ಏನ್ ಮಾಡ್ತಾನೋ ಅಂತ."

ಭಾನುವಾರ ಫೋಟೋ ಹಿಡಿದುಕೊಂಡು ಇಬ್ಬರೂ ಹೋದೆವು. ಈರುಳ್ಳಿ ಮಂಡಿಯ ವಯಸ್ಸಾದ ಸಾಬರೊಬ್ಬರು ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅರೆ, ಇವ್ರು ನಮ್ಮಲ್ಲೇ ಮೂಟೆ ಹೊರ್ತಿದ್ರಲ್ಲಮ್ಮಾ! ಹಿಂದುಗಡೆ ರೂಮಲ್ಲೇ ಇದ್ರು. ತೀರ್ಹೋದ್ರು, ಮೂರು ವರ್ಷ ಆಯ್ತು. ಯಾವ ಊರು ಅಂದ್ರೆ ನಗೋರು, ಹೇಳ್ತಿರ್ಲಿಲ್ಲ. ಮದುವೆ ಮೆರವಣಿಗೇಲಿ ಪಟಾಕಿ ಹೊಡೆದ್ರೆ ಮೂಟೆ ಅಲ್ಲೇ ಬಿಟ್ಟು ಒಳಗೋಗಿ ಬಾಗ್ಲು ಹಾಕೋರು. ಇಡೀ ದಿನ ಈಚೆಗೆ ಬರ್ತಿರ್ಲಿಲ್ಲ."

ಅವ್ವ ಕೇಳಿದ್ದು ಒಂದೇ. "ಹೊಟ್ಟೆ ತುಂಬ ಉಣ್ತಿದ್ನಾ?"

"ಉಣ್ತಿದ್ರಮ್ಮ. ಮುದ್ದೆ ಅಂದ್ರೆ ಪ್ರಾಣ ಅವ್ರಿಗೆ."

ಬಸ್ಸಿನಲ್ಲಿ ಅವಳು ಅಳಲಿಲ್ಲ. ಸೆರಗಿನಲ್ಲಿ ಎಡಗೈ ಸುತ್ತಿಕೊಂಡು ಕೂತಿದ್ದಳು.

ಆ ವರ್ಷ ಪಿತೃಪಕ್ಷದಲ್ಲಿ ಮೊದಲ ಸಲ ಚಿಕ್ಕಪ್ಪನಿಗೂ ಎಡೆ ಇಟ್ಟೆವು. ಅಪ್ಪನ ಎಲೆಯ ಪಕ್ಕದಲ್ಲೇ ಇನ್ನೊಂದು ಎಲೆ ಹಾಸಲು ಬಗ್ಗಿದ್ದೆ.

"ಅಲ್ಲಿ ಬ್ಯಾಡ" ಅಂದಳು ಅವ್ವ. "ಆ ಗೋಡೆ ಕಡೆ ಇಡು. ಅವ್ರಿಬ್ರೂ ಇನ್ನೂ ಮಾತಾಡಲ್ಲ."

ನಾನು ಎಲೆ ಎತ್ತಿ ಎದುರು ಗೋಡೆಯ ಬಳಿ ಹಾಸಿ, ಮುದ್ದೆ ಬಡಿಸಿದೆ. ಬಾಗಿಲು ಮುಂದೆ ಮಾಡಿಕೊಂಡು ನಾವಿಬ್ಬರೂ ಹೊರಗೆ ಜಗಲಿಯಲ್ಲಿ ಕೂತೆವು. ಒಳಗೆ ಏನಾದರೂ ಸದ್ದಾದೀತೇ ಎಂದು ಅವ್ವ ಕೇಳಿಸಿಕೊಳ್ಳುತ್ತಿದ್ದಳು, ನಾನೂ ಕೇಳಿಸಿಕೊಳ್ಳುತ್ತಿದ್ದೆ.