ಅತ್ತಿಗೆಯ ಶನಿವಾರದ ನಡಿಗೆ

ನಮ್ಮ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಹಾಗೆ ಕರೆಯುವ ಹಕ್ಕಿದ್ದದ್ದು ಒಬ್ಬನಿಗೆ, ಆಕೆಯ ಮೈದುನನಿಗೆ. ಅವನು ಬಾರಿನ ಕೌಂಟರಿನಲ್ಲಿ ನಿಂತು ಹಿಂದಿನ ಕೋಣೆಯ ಕಡೆಗೆ ‘ಅತ್ತಿಗೆ, ಕಪ್ಪು ಬಿಯರ್ ಮುಗೀತು’ ಎಂದು ಕೂಗುವುದನ್ನು ಕೇಳಿ ಕೇಳಿ ಗಿರಾಕಿಗಳ ಬಾಯಿಗೂ ಅದೇ ಹತ್ತಿಕೊಂಡಿತು. ಹಲ್ಲುದುರಿದ ಮುದುಕರಿಗೂ ಅತ್ತಿಗೆ, ಬೇರೆ ಊರಿಂದ ಬಂದು ಒಂದೇ ಸಂಜೆ ಕುಳಿತು ಹೋದವರಿಗೂ ಅತ್ತಿಗೆ.

ನನ್ನ ಕ್ಷೌರದಂಗಡಿ ಆ ಬಾರಿನ ಎದುರಿಗೇ ಇದೆ. ಗೋಡೆಯ ಕನ್ನಡಿಯಲ್ಲಿ ಗಿರಾಕಿಯ ಕಿವಿಯ ಪಕ್ಕಕ್ಕೆ ಬಾರಿನ ಬಾಗಿಲು ಕಾಣುತ್ತಿತ್ತು. ನಡೆದದ್ದರಲ್ಲಿ ಬಹುಪಾಲನ್ನು ನಾನು ಹಾಗೆ ಕತ್ತರಿ ಆಡಿಸುತ್ತಲೇ ಕಂಡೆ. ಕಾಣದ್ದನ್ನು ಆ ಮನೆಯವರೇ ಒಬ್ಬೊಬ್ಬರಾಗಿ ಬಂದು ನನ್ನ ಕುರ್ಚಿಯಲ್ಲಿ ಕುಳಿತು ಹೇಳಿದರು.

ಬಾರು ಅಣ್ಣತಮ್ಮಂದಿರದ್ದು. ಅಣ್ಣ ಲೆಕ್ಕ, ಸಾಮಾನು ನೋಡಿಕೊಳ್ಳುತ್ತಿದ್ದ. ತಮ್ಮ ಮಾತುಗಾರ, ಗಿರಾಕಿಗಳನ್ನು ಹಿಡಿದು ಕೂರಿಸುವವನು. ತಮ್ಮನ ಹೆಂಡತಿ ಅಡುಗೆ ಮಾಡುತ್ತಿದ್ದಳು. ಅಣ್ಣನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಹಿಂದಿನ ಕೋಣೆಯಲ್ಲಿ ಬಿಯರ್ ಮಾಡುತ್ತಿದ್ದಳು. ಬಾರ್ಲಿಯನ್ನು ತಾನೇ ಹುರಿಯುತ್ತಿದ್ದಳು. ಅದು ಕಪ್ಪಾಗಿ, ಇನ್ನೇನು ಸೀದೇಹೋಯಿತು ಅನ್ನುವಾಗ ಇಳಿಸುತ್ತಿದ್ದಳು. ಅವಳು ಹುರಿಯುವ ದಿನ ನನ್ನ ಅಂಗಡಿಯ ಟವೆಲುಗಳಿಗೂ ಅದೇ ವಾಸನೆ. ಆ ಕಪ್ಪು ಬಿಯರಿಗೆ ಕೊನೆಯಲ್ಲೊಂದು ಕಹಿ ಇರುತ್ತಿತ್ತು, ನಾಲಿಗೆಯ ಬುಡದಲ್ಲಿ ಕುಳಿತು ಇನ್ನೊಂದು ಗುಟುಕು ಬೇಕು ಅನ್ನಿಸುವಂಥ ಕಹಿ. ಊರಿನ ಆ ತುದಿಯಿಂದ ಜನ ಅದನ್ನು ಹುಡುಕಿಕೊಂಡು ಬರುತ್ತಿದ್ದರು.

ವಾರಗಿತ್ತಿಯರಿಬ್ಬರೂ ಒಡಹುಟ್ಟಿದವರಂತಿದ್ದರು. ಮಧ್ಯಾಹ್ನ ಬಾರು ಖಾಲಿಯಾದಾಗ ಹಿಂಬಾಗಿಲ ಮೆಟ್ಟಿಲ ಮೇಲೆ ಒಂದೇ ತಟ್ಟೆ ಇಟ್ಟುಕೊಂಡು ತಿನ್ನುತ್ತಿದ್ದರು. ನಗು ಬೀದಿಗೆ ಕೇಳಿಸುತ್ತಿತ್ತು.

ಅಣ್ಣ ಎದೆನೋವು ಬಂದು ಒಂದು ಬೆಳಗ್ಗೆ ಹೋಗಿಬಿಟ್ಟ. ಅತ್ತಿಗೆ ಅಳುವುದು ಮುಗಿಸಿ ಮತ್ತೆ ಒಲೆ ಹಚ್ಚುವಷ್ಟರಲ್ಲಿ ಮೈದುನ ಬಾರಿಗೆ ಹೊಸ ಬಣ್ಣ ಹೊಡೆಸಿದ್ದ, ಎತ್ತರದ ಸ್ಟೂಲುಗಳನ್ನು ತರಿಸಿದ್ದ. ಒಂದು ದಿನ ಬಹಳ ಮರ್ಯಾದೆಯಿಂದ, ನೀವು ದಣಿದಿದ್ದೀರಿ, ಇನ್ನು ಮನೆಯಲ್ಲಿ ಆರಾಮಾಗಿರಿ, ಬಿಯರ್ ನಾನೇ ಮಾಡುತ್ತೇನೆ, ಇಷ್ಟು ವರ್ಷ ನೋಡಿ ಕಲಿತಿದ್ದೇನೆ ಎಂದ. ಬಾಡಿಗೆ ಕರಾರು ಮೊದಲಿನಿಂದಲೂ ಅವನ ಹೆಸರಿನಲ್ಲೇ ಇತ್ತು. ವಾದ ಮಾಡಲು ಅತ್ತಿಗೆಗೆ ಆಧಾರವೇ ಇರಲಿಲ್ಲ. ತನ್ನದೊಂದು ಜಾಡಿ ಇದೆ, ತೆಗೆದುಕೊಂಡು ಹೋಗಲೇ ಎಂದಷ್ಟೇ ಕೇಳಿದಳು. ಒಳಗೆ ಕೆಸರಿನಂಥದ್ದೇನೋ ಇತ್ತು. ಮೈದುನ ಮೂಗು ಮುರಿದು, ಆ ಗಲೀಜನ್ನು ಮೊದಲು ಸಾಗಿಸಿ ಎಂದ.

ಅದು ಯೀಸ್ಟು. ಮೊಸರಿಗೆ ಹೆಪ್ಪು ಹೇಗೋ ಅವಳ ಬಿಯರಿಗೆ ಅದು ಹಾಗೆ. ಪ್ರತಿ ಸಲ ತಳದಲ್ಲಿ ಉಳಿದ ಗಸಿಯನ್ನು ಎತ್ತಿಟ್ಟು ಮುಂದಿನದಕ್ಕೆ ಹಾಕಿ, ಮದುವೆಯಾಗಿ ಬಂದ ಹೊಸತರಿಂದ ಕಾಪಾಡಿಕೊಂಡು ಬಂದದ್ದು.

ಇಷ್ಟಾದರೂ ಅವಳಿಗೆ ಸೇಡಿನ ಯೋಚನೆ ಬಂದಿರಲಿಲ್ಲ. ದುಃಖವಿತ್ತು, ಅಷ್ಟೆ. ಸೇಡು ಹುಟ್ಟಿದ್ದು ನನ್ನ ಅಂಗಡಿಯ ಬೆಂಚಿನ ಮೇಲೆ. ತಲೆಗೂದಲು ಕತ್ತರಿಸಿಕೊಳ್ಳಲು ಬಂದವಳು ಸರದಿ ಕಾಯುತ್ತ ಪತ್ರಿಕೆ ಬಿಡಿಸಿದಳು. ವಾರದ ಪುರವಣಿಯಲ್ಲಿ ಮೈದುನನ ದೊಡ್ಡ ಫೋಟೊ. ಈ ಕಪ್ಪು ಬಿಯರ್ ನಮ್ಮ ತಾತ ಕಲಿಸಿಕೊಟ್ಟದ್ದು, ವಂಶದ ಸೊತ್ತು ಎಂದು ಹೇಳಿಕೊಂಡಿದ್ದ. ಆ ತಾತ ಗಡಿಯಾರ ರಿಪೇರಿ ಮಾಡುತ್ತಿದ್ದವನು, ಬಿಯರಿನ ವಾಸನೆಗೇ ತಲೆ ಹಿಡಿದುಕೊಂಡು ಕೂರುತ್ತಿದ್ದವನು. ನಮ್ಮ ಬೀದಿಗೆಲ್ಲ ಗೊತ್ತು. ಅದನ್ನು ಓದಿ ಅತ್ತಿಗೆ ನಕ್ಕಳು ಕೂಡ. ಆಮೇಲೆ ಕೆಳಗಿನ ಸಾಲಿಗೆ ಬಂದಳು. ಕುಟುಂಬದವರೆಲ್ಲ ಕೈಜೋಡಿಸಿದ್ದಾರೆಯೇ ಎಂಬ ಪ್ರಶ್ನೆಗೆ ಅವನ ಉತ್ತರ ಅಚ್ಚಾಗಿತ್ತು: ‘ಹೌದು, ನಮ್ಮ ಅತ್ತಿಗೆ ಪಾಪ, ತುಂಬಾ ದಿನ ಲೋಟ ತೊಳೆದುಕೊಂಡು ಜೊತೆಗಿದ್ದರು.’

ಅವಳು ಪತ್ರಿಕೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿಟ್ಟಳು. ಕುರ್ಚಿಗೆ ಬಂದು ಕುಳಿತಾಗ ಕುತ್ತಿಗೆಯ ನರ ಬಿಗಿದುಕೊಂಡಿದ್ದು ನನ್ನ ಬೆರಳಿಗೆ ತಗುಲಿತು.

“ಈ ಸುತ್ತಮುತ್ತ ಎಷ್ಟು ಬಾರು, ಹೋಟ್ಲು ಇರಬಹುದು?” ಎಂದು ಕೇಳಿದಳು.

ಬೇಕಾದಷ್ಟಿವೆ ಎಂದೆ.

“ಒಂದಕ್ಕೂ ಹೋಗಿಲ್ಲ ನಾನು. ಒಲೆ ಮುಂದೆ ಆಯಸ್ಸು ಕಳೀತು. ಎಲ್ಲಾ ನೋಡ್ಬೇಕು. ಅವನನ್ನ ಮುಳುಗ್ಸೋರು ಅಲ್ಲೇ ಎಲ್ಲೋ ಕೂತಿರ್ತಾರೆ.”

ಹಾಗೆ ಹೊರಟಳು. ಸಿಟ್ಟು ಹೊತ್ತುಕೊಂಡು ಊರು ಸುತ್ತುವವರನ್ನು ನಾನು ಅದುವರೆಗೆ ನೋಡಿರಲಿಲ್ಲ. ದಿನಕ್ಕೊಂದು ಗಲ್ಲಿ. ಮುದ್ರಣಾಲಯದ ಕೆಳಗಿನ ನೆಲಮಾಳಿಗೆಯ ಬಾರನ್ನು ಕಂಡುಕೊಂಡಳು. ಅದರ ಮಾಲೀಕ ಬಂದ ಗಿರಾಕಿಗೆಲ್ಲ ಯಾಕಾದರೂ ಬಂದಿರಿ ಎಂಬಂತೆ ಗೊಣಗುವವನು. ಜನ ಅವನಿಗೆ ಗೊಣಗಣ್ಣ ಎಂದೇ ಹೆಸರಿಟ್ಟಿದ್ದರು. ಸೇತುವೆಯ ಪಕ್ಕ ಅಕ್ಕತಂಗಿಯರ ಮೀನಿನ ಹೋಟೆಲು ಸಿಕ್ಕಿತು. ಅಲ್ಲಿ ನಾಲ್ಕೇ ಮೇಜು, ಮೀನು ಹುರಿದು ಬರುವವರೆಗೆ ತಂಗಿ ಅಕ್ಕನನ್ನು ಬೈಯುವುದನ್ನು ಕೇಳುತ್ತ ಕೂರಬೇಕು. ಹಳೆಯ ಸೈಕಲ್ ಅಂಗಡಿಯಲ್ಲಿ ಹೊಸದಾಗಿ ಮದುವೆಯಾದ ಗಂಡಹೆಂಡತಿ ಬಿಯರ್ ಮಾಡುತ್ತಿದ್ದರು. ಗೋಡೆಗೆ ಇನ್ನೂ ಚಕ್ರಗಳು ನೇತಾಡುತ್ತಿದ್ದವು. ಬಿಯರ್ ಮಾತ್ರ ಹುಳಿ. ಅತ್ತಿಗೆ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು. ಮರುದಿನ ಜಾಡಿಯಿಂದ ಒಂದಿಷ್ಟು ಯೀಸ್ಟನ್ನು ಬಾಟಲಿಗೆ ತುಂಬಿಸಿಕೊಂಡು ಹೋಗಿ ಅವರ ಕೈಗಿತ್ತಳು. ಗೊಣಗಣ್ಣನಿಗೂ ಕೊಟ್ಟಳು. ಕೇಳಿದವರಿಗೆಲ್ಲ ಕೊಟ್ಟಳು, ಜೊತೆಗೆ ನಿಂತು ಬಾರ್ಲಿ ಹುರಿಯುವುದನ್ನೂ ತೋರಿಸಿದಳು. ಅವಳು ಹಾಕಿದ ಷರತ್ತು ಒಂದೇ: ಆ ಬಿಯರನ್ನು ‘ಅತ್ತಿಗೆ’ ಎಂದೇ ಕರೆಯಬೇಕು, ಬೋರ್ಡಿನಲ್ಲಿ ಹಾಗೇ ಬರೆಯಬೇಕು.

ನೋಡನೋಡುತ್ತಿದ್ದಂತೆ ನಮ್ಮ ಸುತ್ತಲಿನ ಬೀದಿಗಳಲ್ಲೆಲ್ಲ ಅತ್ತಿಗೆ ಸಿಗತೊಡಗಿತು. ಸಿಗದೆ ಇದ್ದದ್ದು ಮೈದುನನ ಬಾರಿನಲ್ಲಿ ಮಾತ್ರ. ಅವನು ಅಂಗಡಿಯಿಂದ ತಂದ ಯೀಸ್ಟು ಹಾಕಿ, ಬಾರ್ಲಿಯನ್ನು ಸೀಯಿಸಿ ಏನೇನೋ ಮಾಡುತ್ತಿದ್ದ. ಕಪ್ಪಗಿರುತ್ತಿತ್ತು, ಅಷ್ಟೇ.

ಶನಿವಾರದ ನಡಿಗೆ ಶುರುವಾದದ್ದು ಆಮೇಲೆ. ಮೀನಿನ ಹೋಟೆಲಿನಲ್ಲಿ ಸಿಕ್ಕ ಪ್ರವಾಸಿಗಳಿಬ್ಬರು ಒಳ್ಳೆಯ ಬಿಯರ್ ಎಲ್ಲಿ ಸಿಗುತ್ತದೆ ಎಂದು ಕೇಳಿದರಂತೆ. ಇವಳೇ ಎದ್ದು ಕರೆದುಕೊಂಡು ಹೋದಳು. ಮುಂದಿನ ವಾರ ಅವರ ಗೆಳೆಯರು ಬಂದರು. ಬಾಯಿಂದ ಬಾಯಿಗೆ ಸುದ್ದಿ ಹರಡಿ, ಶನಿವಾರ ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಒಂದು ಗುಂಪೇ ಸೇರತೊಡಗಿತು. ಹಸಿರು ಕೊಡೆಯೊಂದನ್ನು ಎತ್ತಿ ಹಿಡಿದು ಅತ್ತಿಗೆ ಮುಂದೆ, ಜನ ಹಿಂದೆ. ಇಲ್ಲೊಂದು ಲೋಟ, ಅಲ್ಲೊಂದು ತಟ್ಟೆ, ನಡುವೆ ಅವಳ ಹಾಸ್ಯ. ಗೊಣಗಣ್ಣನ ಹತ್ತಿರ ಬೈಸಿಕೊಳ್ಳದೆ ಬಂದವರಿಗೆ ನಡಿಗೆ ಪೂರ್ತಿಯಾದಂತಲ್ಲ ಎನ್ನುತ್ತಿದ್ದಳು.

ಆದರೆ ನಡಿಗೆ ಹೊರಡುವ ಮೊದಲು ಒಂದು ಕೆಲಸವಿತ್ತು. ಗುಂಪನ್ನು ಬಾರಿನ ಕಡೆಗೆ ತಿರುಗಿಸಿ ಅವಳು ಸುಮ್ಮನೆ ನಿಲ್ಲುತ್ತಿದ್ದಳು. ಅಷ್ಟು ದೊಡ್ಡ ಬೋರ್ಡು, ಹೊಳೆಯುವ ಗಾಜು, ಒಳಗೆ ತಾತನ ಫೋಟೊ. ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು, ಇದು ಪತ್ರಿಕೆಯಲ್ಲಿ ಬಂದ ಜಾಗವಲ್ಲವೇ, ಇಲ್ಲಿಗೆ ಹೋಗುವುದಿಲ್ಲವೇ ಎಂದು. ಅದಕ್ಕೇ ಕಾದಿದ್ದವಳಂತೆ ಅತ್ತಿಗೆ ತಣ್ಣಗೆ ಹೇಳುತ್ತಿದ್ದಳು:

“ಇಲ್ಲಿ ನಾನು ಲೋಟ ತೊಳೀತಿದ್ದೆ. ಬಿಯರ್ ವಿಷಯ ನನಗೇನು ಗೊತ್ತು? ಬನ್ನಿ, ಮುಂದೆ ಹೋಗೋಣ.”

ಒಂದು ಕೆಟ್ಟ ಮಾತಿಲ್ಲ, ಒಂದು ದೂರಿಲ್ಲ. ಗುಂಪು ನಗುತ್ತ ಹೊರಟುಹೋಗುತ್ತಿತ್ತು. ಗಾಜಿನ ಹಿಂದೆ ಮೈದುನ ಬಟ್ಟೆಯಿಂದ ಒಂದೇ ಜಾಗವನ್ನು ಒರೆಸುತ್ತ ನಿಂತಿರುವುದು ನನ್ನ ಕನ್ನಡಿಯಲ್ಲಿ ಕಾಣುತ್ತಿತ್ತು. ಪ್ರತಿ ಶನಿವಾರ ಇದೇ. ಕ್ರಮೇಣ ಊರೆಲ್ಲ ಆ ಮಾತನ್ನು ಎತ್ತಿಕೊಂಡಿತು. ಬಾರಿಗೆ ಹೋದವರೂ ಒಂದು ಗುಟುಕು ಕುಡಿದು, ಲೋಟ ಚೆನ್ನಾಗಿ ತೊಳೆದಿದ್ದಾರೆ, ಬಿಯರ್ ಮಾಡೋರು ಯಾರು ಎಂದು ಕೇಳಿ ಅವನ ಹೊಟ್ಟೆ ಉರಿಸತೊಡಗಿದರು. ಆಮೇಲಾಮೇಲೆ ಹಾಗೆ ಕೇಳುವವರೂ ಬರಲಿಲ್ಲ.

ಇದಕ್ಕೆ ಅತ್ತಿಗೆಗೆ ಸಂತೋಷವಾಗುತ್ತಿತ್ತೇ? ಆಗುತ್ತಿತ್ತು. ಅದನ್ನು ಅವಳು ಮುಚ್ಚಿಡಲಿಲ್ಲ. ಶನಿವಾರ ಬಂತೆಂದರೆ ಬೆಳಗ್ಗೆಯೇ ಎದ್ದು ಸೀರೆಗೆ ಇಸ್ತ್ರಿ ಹಾಕುತ್ತೇನೆ, ಗಂಡ ಹೋದಮೇಲೆ ಹೊಟ್ಟೆತುಂಬ ಉಣ್ಣುತ್ತಿರುವುದು ಈಗಲೇ ಎಂದು ನನ್ನ ಬಳಿ ಹೇಳಿದ್ದಳು.

ಒಂದು ಶನಿವಾರ ಮೈದುನ ಬಾರಿನ ಬಾಗಿಲು ಎಳೆದುಕೊಂಡು ಬಂದು ಗುಂಪಿನಲ್ಲಿ ನಿಂತ. ಅತ್ತಿಗೆ ಅವನನ್ನು ನೋಡಿಯೂ ನೋಡದವಳಂತೆ ಕೊಡೆ ಎತ್ತಿದಳು. ಎಂದಿನಂತೆ ಬಾರಿನ ಕಡೆಗೆ ತಿರುಗಿ ಅದೇ ಮಾತು ಹೇಳಿದಳು, ಅವನೆದುರಿಗೇ. ಅವನು ತಲೆ ತಗ್ಗಿಸಿಕೊಂಡು ಹಿಂದೆ ನಡೆದ. ನನಗೆ ತಡೆಯಲಾಗಲಿಲ್ಲ, ಅಂಗಡಿಗೆ ಬೀಗ ಹಾಕಿ ನಾನೂ ಸೇರಿಕೊಂಡೆ.

ಪ್ರತಿ ಜಾಗದಲ್ಲೂ ಅವನು ಅತ್ತಿಗೆಯ ಹೆಸರಿನ ಬಿಯರ್ ಕುಡಿದ. ಕೊನೆಯಲ್ಲಿ ಸೈಕಲ್ ಬಾರಿನಲ್ಲಿ, ಎಲ್ಲರೂ ಮೇಜುಗಳ ಸುತ್ತ ಕುಳಿತಮೇಲೆ, ಎದ್ದು ಅವಳ ಹತ್ತಿರ ಬಂದ.

“ಸಾಕು ಮಾಡಿ ಅತ್ತಿಗೆ. ನಾನು ಕೆಟ್ಟೆ.”

“ಯಾರು ಕೆಡ್ಸಿದ್ದು?”

ಅವನು ಗೋಡೆಯ ಚಕ್ರಗಳ ಕಡೆಗೆ ನೋಡಿದ.

“ಇಷ್ಟು ಜನ ಇದ್ದಾರಲ್ಲ,” ಎಂದಳು. “ಇವರಿಗೆ ಹೇಳು. ಕಪ್ಪು ಬಿಯರ್ ಯಾರದು?”

ನಿಮ್ಮದು ಎಂದು ಅವನು ಗಂಟಲಲ್ಲೇ ಹೇಳಿದ. ಹಿಂದೆ ಕೂತವರಿಗೆ ಕೇಳಿಸಲಿಲ್ಲ ಎಂದಳು. ಇನ್ನೊಮ್ಮೆ ಹೇಳಿದ. ತಾತ ಏನು ಮಾಡುತ್ತಿದ್ದ ಅಂತಲೂ ಹೇಳು ಎಂದಳು. ಅದನ್ನೂ ಹೇಳಿದ, ಗಡಿಯಾರ ರಿಪೇರಿ ಎಂದು. ಯಾರೋ ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಡವಾಗಿತ್ತು.

ಇಷ್ಟಕ್ಕೆ ಮುಗಿಯಿತು ಎಂದುಕೊಂಡೆ ನಾನು. ಅತ್ತಿಗೆ ಮೇಜಿನ ಮೇಲಿನ ಖಾಲಿ ಲೋಟಗಳನ್ನು ಒಂದೊಂದಾಗಿ ತಟ್ಟೆಯಲ್ಲಿ ಜೋಡಿಸಿ ಅವನ ಕಡೆಗೆ ಸರಿಸಿದಳು.

“ತೊಳಿ.”

ಬಾರಿನ ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಮೈದುನ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ತೋಳು ಮಡಚಿ, ಮೂಲೆಯ ತೊಟ್ಟಿಯಲ್ಲಿ ಅಷ್ಟೂ ಲೋಟ ತೊಳೆದ. ಅತ್ತಿಗೆ ಪಕ್ಕದಲ್ಲೇ ನಿಂತು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಎರಡನ್ನು ವಾಪಸು ಕೊಟ್ಟಳು. ಆಗ ಯಾರೂ ನಗಲಿಲ್ಲ. ನನಗೆ ಎದ್ದು ಹೋಗಬೇಕು ಅನ್ನಿಸಿತು, ಹೋಗಲಿಲ್ಲ.

ಮುಂದಿನ ಶನಿವಾರ ಅತ್ತಿಗೆ ಮತ್ತೆ ನನ್ನ ಅಂಗಡಿಯ ಮುಂದೆ ಕೊಡೆ ಎತ್ತಿ ನಿಂತಳು. ಯಾರೋ ಕೇಳಿದರು, ಅವಳು ಅದೇ ಮಾತು ಹೇಳಿದಳು. ನಾನು ಹೊರಗೆ ಬಂದು, ಇನ್ನೂ ಮುಗಿದಿಲ್ಲವೇ, ಸಾಕು ಮಾಡಿ ಎಂದು ಅವನು ಕೇಳಿಕೊಂಡನಲ್ಲ ಎಂದೆ. ಸಾಕು ಎಂದವನು ಅವನು, ತಾನಲ್ಲ ಎಂದಳು.

ವರ್ಷ ತಿರುಗುವುದರೊಳಗೆ ಬಾರು ಮುಚ್ಚಿತು. ಸ್ಟೂಲುಗಳನ್ನು ಲಾರಿಗೆ ಹೇರುವುದನ್ನು ಅತ್ತಿಗೆ ನನ್ನ ಬೆಂಚಿನ ಮೇಲೆ ಕುಳಿತು ಪೂರ್ತಿಯಾಗಿ ನೋಡಿದಳು, ಸಿನಿಮಾ ನೋಡುವಂತೆ. ಮೈದುನ ಬೇರೆ ಕಡೆ ಯಾವುದೋ ಕಂಪನಿಯ ಬಿಯರ್ ಸಾಗಿಸುವ ಗಾಡಿ ಓಡಿಸುತ್ತಾನಂತೆ. ಆ ಜಾಗದಲ್ಲಿ ಈಗ ಕನ್ನಡಕದ ಅಂಗಡಿ.

ಲಾರಿ ಹೊರಡುವ ಮುನ್ನ ವಾರಗಿತ್ತಿ ತನ್ನ ದೊಡ್ಡ ಬಾಣಲೆಯನ್ನು ಎದೆಗವಚಿಕೊಂಡು ಹೊರಗೆ ಬಂದಳು. ಅದನ್ನು ಲಾರಿಗೆ ಕೊಡಲಿಲ್ಲ. ನೇರ ರಸ್ತೆ ದಾಟಿ ನಮ್ಮ ಕಡೆ ಬಂದಳು. ಅತ್ತಿಗೆ ಎದ್ದು ನಿಂತಳು, ಕೈ ಚಾಚಿದಳು ಕೂಡ.

“ಅಕ್ಕ, ಅವರಿಗೆ ನೀವು ಮಾಡಿದ್ದು ಸರಿ,” ಎಂದಳು ವಾರಗಿತ್ತಿ. “ಪೇಪರ್ ಬಂದ ದಿನ ನಾನೇ ಅವರಿಗೆ ಉಗ್ದಿದ್ದೆ. ಆದ್ರೆ ಒಳಗೆ ಅಡುಗೆಮನೇಲಿ ನಾನೂ ಇದ್ದೆ ಅಲ್ವಾ? ಒಂದು ಶನಿವಾರನಾದ್ರೂ ನಿಮಗೆ ನೆನಪಾಗ್ಲಿಲ್ವಾ?”

ಅತ್ತಿಗೆ ಚಾಚಿದ ಕೈಯನ್ನು ಇಳಿಸಿದಳು. ವಾರಗಿತ್ತಿ ಬಾಣಲೆ ಹೊತ್ತುಕೊಂಡು ನಡೆದೇ ಹೋದಳು. ಈಗ ಆಸ್ಪತ್ರೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾಳೆ. ಅತ್ತಿಗೆ ಎರಡು ಸಲ ಅಲ್ಲಿಗೆ ಹೋಗಿ ಬಂದಳು. ಒಳಗಿಂದ ಯಾರೋ ಬಂದು, ಅವರಿಗೆ ಕೈತುಂಬ ಕೆಲಸವಿದೆಯಂತೆ ಎಂದು ಹೇಳಿ ಕಳಿಸಿದರು.

ಮೊನ್ನೆ ಅತ್ತಿಗೆ ನನ್ನ ಕುರ್ಚಿಯಲ್ಲಿ ಕುಳಿತಿದ್ದಾಗ ನಾನೇ ಕೇಳಿದೆ, ಇದನ್ನೆಲ್ಲ ಮತ್ತೆ ಮಾಡಬೇಕಾಗಿ ಬಂದರೆ ಮಾಡುತ್ತೀಯಾ ಎಂದು. ಕನ್ನಡಿಯಲ್ಲಿ ನನ್ನನ್ನೇ ನೋಡಿದಳು.

“ಮಾಡ್ತೀನಿ. ಒಂದು ಅಕ್ಷರ ಬಿಡದೆ ಮಾಡ್ತೀನಿ,” ಎಂದಳು. ನಾನು ಕಿವಿಯ ಹಿಂದಿನ ಕೂದಲು ಮುಗಿಸಿದ ಮೇಲೆ, “ಅವಳಿಗೆ ಮಾತ್ರ ಮೊದ್ಲೇ ಹೇಳಿ ಹೊರಗೆ ಕರ್ಕೊಂಡು ಬಂದಿರ್ತಿದ್ದೆ. ತಲೆಗೇ ಹೋಗ್ಲಿಲ್ಲ ನೋಡು. ಅವನ ಮುಖ ಒಂದೇ ಕಾಣ್ತಿತ್ತು ನನಗೆ,” ಎಂದಳು.

ಹೊರಗೆ ಜನ ಸೇರಿದ್ದರು. ಬಸ್ ಡಿಪೊ ಹಿಂದಿನ ಗಲ್ಲಿಯಲ್ಲಿ ಹೊಸದೊಂದು ಬಾರು ತೆರೆದಿದೆಯಂತೆ, ಅದನ್ನು ನೋಡಬೇಕಿತ್ತು. ಹೆಗಲ ಮೇಲಿನ ಕೂದಲು ಕೊಡವಿಕೊಂಡು ಅವಳು ಎದ್ದು ಹೋದಳು.