ಮೋಟಾರು ‘ಟಿಕ್’ ಅಂದ ಬೆಳಗು

‘ಟಿಕ್.’

ಅಷ್ಟೇ. ನಮ್ಮ ಮೋಟಾರು ಅಂದದ್ದು ಅಷ್ಟೇ.

ಕಳೆದ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ನಮ್ಮ ಡ್ರೈವರ್ ಮಹಬೂಬಸಾಬರು ಮೋಟಾರು ಚಾಲೂ ಮಾಡುವ ಸೆಲ್ಫ್ ಗುಂಡಿ ಒತ್ತಿದರು. ಟಿಕ್. ಮತ್ತೆ ಒತ್ತಿದರು. ಟಿಕ್. ಬಾಗಿಲಿಗೆ ಬಂದವರನ್ನು ನೋಡಿ ಒಳಗಿನಿಂದಲೇ ಯಾರೋ ಲೊಚಗುಟ್ಟಿದ ಹಾಗೆ.

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಹಿಂದಿನ ಸೀಟಿನಲ್ಲಿ ಮಹಬೂಬಸಾಬರ ಮಗಳು ಖೈರುನ್ನಿಸಾ ಕೂತಿದ್ದಳು. ಮಡಿಲಲ್ಲಿ ಸರ್ಟಿಫಿಕೇಟುಗಳ ಗಂಟು. ಹೈದರಾಬಾದಿನಲ್ಲಿ ಟೀಚರ್ ಟ್ರೇನಿಂಗಿಗೆ ಸೀಟು ಸಿಕ್ಕಿದೆ. ಅವತ್ತೇ ಸಂಜೆಯೊಳಗೆ ಹಾಜರಾಗಿ ಹೆಸರು ಬರೆಸಬೇಕು. ಅದಕ್ಕೆ ಹತ್ತು ಗಂಟೆಗೆ ವಾಡಿಯಲ್ಲಿ ರೈಲುಗಾಡಿ ಹಿಡಿಯಬೇಕು. ಅಪ್ಪ ಜೊತೆಗೆ ಹೋಗುವವರು. ಮೋಟಾರು ಶಹಾಬಾದಿಗೆ ವಾಪಸು ತರಲು ನಮ್ಮ ಯಜಮಾನರು.

ಗಾಡಿ ತಪ್ಪಿದರೆ ಸೀಟು ಹೋಯಿತು. ಚಿಂಚೋಳಿಯಲ್ಲಿ ಅವಳ ಸೋದರಮಾವ ಆಗಲೇ ಒಬ್ಬ ವರನನ್ನು ನೋಡಿಟ್ಟುಕೊಂಡಿದ್ದಾನೆ. ‘ಓದಿದ್ದು ಸಾಕು’ ಎನ್ನಲು ಅವನಿಗೆ ಒಂದು ನೆಪ ಬೇಕು. (ಆ ನೆಪ ನಮ್ಮ ಮೋಟಾರೇ ಆಗಬೇಕೇ?)

ಬಾನೆಟ್ ಎತ್ತಿದ ಕೂಡಲೇ ಗಂಡಸರೆಲ್ಲ ಡಾಕ್ಟರಾಗುತ್ತಾರೆ. ನಮ್ಮವರ ವ್ಯಾಪಾರ ನೆಲಕ್ಕೆ ಹಾಸುವ ಪರಸಿ ಕಲ್ಲಿನದು, ಆದರೂ ರೋಗ ಹೇಳಲು ತಡಮಾಡಲಿಲ್ಲ.

“ಪೆಟ್ರೋಲ್‌ನಾಗ ನೀರ್ ಕೂಡ್ಯದ.”

ಟಿಕ್.

“ಇಲ್ಲ, ಸೆಲ್ಫೇ ಸುಟ್ಟದ. ಬಿಚ್ಚಿ ಸೋಲಾಪುರಕ್ಕ ಕಳಸಬೇಕು.”

“ಮುಂದ ಹ್ಯಾಂಡಲ್ ಹಾಕಿ ತಿರುವ್ರಿ ಮತ್ತ,” ಅಂದೆ.

“ಹ್ಯಾಂಡಲ್ ಗಣಿ ಲಾರಿಯವ್ರು ಒಯ್ದಾರ.”

ನೂಕೋಣವೆಂದರೆ ಮೋಟಾರಿನ ಮೂತಿ ಗೋಡೆಗೆ, ಹಿಂದೆ ದಿಬ್ಬ. ಖೈರುನ್ನಿಸಾ ಗಂಟಿನ ದಾರವನ್ನು ಬಿಚ್ಚಿ ಕಟ್ಟುತ್ತಿದ್ದಳು, ಬಿಚ್ಚಿ ಕಟ್ಟುತ್ತಿದ್ದಳು.

“ಲೈಟ್ ಹಚ್ಚಿ, ಆಮ್ಯಾಲ ಗುಂಡಿ ಒತ್ತರಿ,” ಎಂದೆ. ನಮ್ಮವರು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಲೈಟು ಚೆನ್ನಾಗಿಯೇ ಹತ್ತಿತು. ಗುಂಡಿ ಒತ್ತಿದ ಕೂಡಲೇ, ಟಿಕ್, ಎಣ್ಣೆ ತೀರಿದ ದೀಪದಂತೆ ಮಂಕಾಯಿತು. ಬಿಟ್ಟರೆ ಮತ್ತೆ ಬೆಳಕು.

ನನಗೆ ನಾನು ಓದಿದ ಕಾನ್ವೆಂಟಿನ ವಿಜ್ಞಾನದ ಕೋಣೆ ನೆನಪಾಯಿತು. ಅಲ್ಲೊಂದು ಎಲೆಕ್ಟ್ರಿಕ್ ಗಂಟೆಯಿತ್ತು. ಕೆಲವು ದಿನ ಬಾರಿಸದೆ ಬರೀ ‘ಟಿಕ್’ ಅನ್ನುತ್ತಿತ್ತು. ಸಿಸ್ಟರ್ ಗಂಟೆಯನ್ನು ಮುಟ್ಟುತ್ತಲೇ ಇರಲಿಲ್ಲ. ತಂತಿ ಕೂಡುವ ಜಾಗವನ್ನು ಕೆರೆದು ಬಿಗಿ ಮಾಡುತ್ತಿದ್ದರು. ಅಂದರೆ ಶಕ್ತಿ ಇದೆ, ಅದು ಹರಿಯುವ ದಾರಿ ಕಟ್ಟಿಕೊಂಡಿದೆ.

ಬಗ್ಗಿ ಬ್ಯಾಟರಿ ನೋಡಿದೆ. ಮೇಲೆ ಆಯುಧಪೂಜೆಯ ದಿನ ನಾನೇ ಎಳೆದ ಮೂರು ಬೆರಳಿನ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವಿನ ಒಂದು ಎಸಳು. ತಂತಿ ಹಿಡಿದ ಪಟ್ಟಿಯ ಸುತ್ತ, ವಿಭೂತಿಯ ಅಡಿಯಿಂದ, ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟುವಂಥ ಬಿಳಿ ಹೊಪ್ಪಳಿಕೆ. ಬೆರಳಿಂದ ಮುಟ್ಟಿದರೆ ಪಟ್ಟಿ ಹಲ್ಲು ಅಲುಗಿದ ಹಾಗೆ ಅಲುಗಿತು.

“ಮಹಬೂಬಸಾಬ್, ಇದು ಅಲುಗಾಡಾಕತ್ತದಲ್ರಿ!”

ಅವರು ನನ್ನನ್ನು ನೋಡಲಿಲ್ಲ. “ಹೌದ್ರಿ ಬಾಯಾರ.”

“ನಿಮಗ ಗೊತ್ತಿತ್ತೇನು?”

“ಗೊತ್ತಿತ್ರಿ. ಪೂಜಾ ದಿನ ತೊಳಿಲಿಕ್ಕಂತ ನಾನೇ ಢಿಲ್ಲ ಮಾಡಿದ್ದೆ. ಬಿಗಿ ಮಾಡೋದ್ರಾಗ ನೀವು ಆರತಿ ತಾಟು ತಂದ್ರಿ. ಇಬತ್ತಿ ಹಚ್ಚಿದ್ರಿ, ಟೆಂಗಿನ ನೀರ್ ಹಾಕಿದ್ರಿ. ಅದರ ಮ್ಯಾಲ ನಾ ಹೆಂಗ ಪಾನಾ ಹಚ್ಚಿ ನಟ್ ತಿರುವಲಿ?”

“ಒಂದ್ ಮಾತು ಹೇಳಬಾರದಾಗಿತ್ತೇನ್ರಿ?”

“ದಿನಾ ಹೇಳಬೇಕಂತಿದ್ದೆ. ಪೂಜಾದ ಸಾಮಾನ ಸಾಬ ಮುಟ್ಟಿ ಕೆಡಿಸ್ದ ಅಂತ ಯಾರರ ಅಂದ್ರ? ದಿನಮಾನ ಹೆಂಗವ, ನಿಮಗೂ ಗೊತ್ತದ.”

ಹಿಂದಿನ ಸೀಟಿನಿಂದ ಖೈರುನ್ನಿಸಾ ಅಪ್ಪನನ್ನು ಕೂಗಿದಳು: “ಅಬ್ಬಾ, ದೇವರು ಗಟ್ಟಿ ಅದಾನ. ನಟ್ ಅಷ್ಟ ಢಿಲ್ಲ ಅದ. ಜಲ್ದಿ ಮಾಡ್ರಿ!”

(ಈ ಹುಡುಗಿ ಒಳ್ಳೆಯ ಟೀಚರ್ ಆಗುತ್ತಾಳೆ.)

ವಿಭೂತಿಯನ್ನು ನಾನೇ ಒದ್ದೆ ಬಟ್ಟೆಯಿಂದ ಒರೆಸಿದೆ. ಇಷ್ಟಕ್ಕೆ ಮುನಿಯುವವನಾದರೆ ಅವನು ದೇವರು ಹೇಗಾದಾನು? ಮಹಬೂಬಸಾಬರು ಪಟ್ಟಿ ಬಿಚ್ಚಿದರು. ನಾನು ಒಲೆಯ ಮೇಲಿದ್ದ ಬಿಸಿನೀರಿಗೆ ಭಜಿಗೆ ಹಾಕುವ ಸೋಡಾ ಕಲಸಿ ತಂದು ಸುರಿದೆ. ಹೊಪ್ಪಳಿಕೆ ಬುಸುಗುಟ್ಟಿ ನೊರೆಯಾಗಿ ಹರಿಯಿತು. ಒರೆಸಿ, ಕೆರೆದು, ಬಿಗಿ ಮಾಡಿ, ನನ್ನ ಹಿಮ್ಮಡಿಯ ವ್ಯಾಸಲೀನ್ ಬಳಿದಾಯಿತು.

ಗುಂಡಿ. ‘ಟಿಕ್’ ಇಲ್ಲ. ಒಮ್ಮೆಗೇ ಗುರ್ರೆಂದಿತು.

ನಮ್ಮವರು, “ನಾನೂ ಬ್ಯಾಟರೀನೇ ಇರಬೇಕಂತಿದ್ದೆ,” ಅಂದರು. ಅನ್ನಲಿ ಬಿಡಿ.

ವಾಡಿಯಲ್ಲಿ ಅಪ್ಪ-ಮಗಳು ಹತ್ತಿ ಕೂರುವುದಕ್ಕೂ ಗಾರ್ಡ್ ಹಸಿರು ಬಾವುಟ ಬೀಸುವುದಕ್ಕೂ ಸರಿಹೋಯಿತಂತೆ. ಶುಕ್ರವಾರ ಕಾರ್ಡು ಬಂತು. ಹೆಸರು ಬರೆಸಿಯಾಗಿದೆ. ಚಿಂಚೋಳಿಯ ಮಾವ ಇನ್ನೊಂದು ನೆಪ ಹುಡುಕಿಕೊಳ್ಳಲಿ.

ಮೋಟಾರು ಇಟ್ಟುಕೊಂಡ ಓದುಗರಿಗೆ ಒಂದು ಮಾತು. ‘ಟಿಕ್’ ಅಂದರೆ ಸೆಲ್ಫನ್ನು ಸೋಲಾಪುರಕ್ಕೆ ಕಳಿಸುವ ಮೊದಲು ಲೈಟು ಹಚ್ಚಿ ನೋಡಿ, ಬ್ಯಾಟರಿಯ ಪಟ್ಟಿ ಅಲುಗಿಸಿ ನೋಡಿ. ಪೂಜೆ ಖಂಡಿತ ಮಾಡಿ. ಕುಂಕುಮ ಬಾನೆಟ್ಟಿನ ಮೇಲಿರಲಿ.

ಆದರೆ ನನ್ನನ್ನು ಕಾಡುವುದು ಬ್ಯಾಟರಿಯಲ್ಲ. ಹಬ್ಬ ಮುಗಿದ ಈ ಹದಿನೈದು ದಿನವೂ ಮಹಬೂಬಸಾಬರು ಬೆಳಿಗ್ಗೆ ಬೇಗ ಬಂದು, ಬಾನೆಟ್ ಎತ್ತಿ, ಸುಮ್ಮನೆ ನಿಂತು ನೋಡಿ, ಮತ್ತೆ ಮುಚ್ಚುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ದಿನಾ ನೋಡಿದ್ದೇನೆ. ಎಂಥ ಶ್ರದ್ಧೆ, ಎಂದುಕೊಂಡಿದ್ದೆ! ಹಿಂದೂ-ಮುಸಲ್ಮಾನರ ನಡುವೆ ಗದ್ದಲವೆದ್ದ ವರ್ಷ ಹೋಗಿ ನಾಲ್ಕು ವರ್ಷವಾಯಿತು, ಎಲ್ಲ ಸರಿಹೋಯಿತು ಎಂದು ಈ ಅಂಕಣದಲ್ಲೇ ಬರೆದವಳು ನಾನು. ನಮ್ಮ ಉಪ್ಪು, ನಮ್ಮ ಚಹಾ ಹಂಚಿಕೊಂಡ, ನಮ್ಮ ಮಕ್ಕಳನ್ನು ಎತ್ತಿ ಆಡಿಸಿದ ಕೈ. ಆ ಕೈ ತನ್ನ ಮಗಳ ಗಾಡಿ ತಪ್ಪುವ ಹೊತ್ತಿನಲ್ಲೂ ನನ್ನ ವಿಭೂತಿಯ ಮುಂದೆ ನಿಂತುಬಿಟ್ಟಿತು.

ಮೋಟಾರಾದರೂ ‘ಟಿಕ್’ ಅಂತು. ಮನುಷ್ಯರು ಅಷ್ಟೂ ಅನ್ನುವುದಿಲ್ಲವಲ್ಲ?