ಬೀಡಿ ಬೇಡವಾದ ಮೇಷ್ಟ್ರು

ಹೋದ ವಾರ ಹೊಸದುರ್ಗದಿಂದ ಮತ್ತೋಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರ ಬೆರಳುಗಳಿಂದ ಬೀಡಿ ವಾಸನೆ ಬಂತು. ಸೇದಿ ಬಹಳ ಹೊತ್ತಾದ ಮೇಲೂ ಚರ್ಮಕ್ಕೆ ಅಂಟಿಕೊಂಡಿರುವ ವಾಸನೆ. ನಮ್ಮ ವಿಜ್ಞಾನದ ಮೇಷ್ಟ್ರು ನೋಟ್‌ಬುಕ್ ತಿದ್ದಿ ಕೈಗೆ ಕೊಡುವಾಗ ಬರುತ್ತಿದ್ದುದೂ ಇದೇ.

ಅವರು ಹೈಸ್ಕೂಲಿನಲ್ಲಿ ನನಗೆ ಪಾಠ ಹೇಳಿದವರು. ಮುಂದೆ ನಾನು ಅದೇ ಶಾಲೆಗೆ ಕನ್ನಡ ಮೇಷ್ಟ್ರಾಗಿ ಸೇರಿದಾಗ ಅವರ ನಿವೃತ್ತಿಗೆ ಇನ್ನೂ ಐದಾರು ವರ್ಷವಿತ್ತು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ದೂರದ ಟೀ ಅಂಗಡಿಯ ಹಿಂದೆ ನಿಂತು ಸೇದುತ್ತಿದ್ದೆವು. ಅವರದು ಬೀಡಿ, ನನ್ನದು ಸಿಗರೇಟು. ಶ್ವಾಸಕೋಶದ ಪಾಠ ಮಾಡಿ ಬಂದ ದಿನ ಮಾತ್ರ ಅವರು ನನ್ನ ಮುಖ ನೋಡುತ್ತಿರಲಿಲ್ಲ.

ಬಿಡಲು ಅವರು ಪಟ್ಟ ಪಾಡು... ಲವಂಗ ಅಗಿದರು, ಡಾಕ್ಟರು ಬರೆದುಕೊಟ್ಟ ನಿಕೋಟಿನ್ ಗಮ್ ಅಗಿದರು, ಹೆಂಡತಿಯ ತಲೆ ಮುಟ್ಟಿ ಆಣೆ ಮಾಡಿದರು. ಒಮ್ಮೆ ಹನ್ನೊಂದು ದಿನ ತಡೆದರು. ಹನ್ನೆರಡನೆಯ ದಿನ ತಪ್ಪು ಉತ್ತರ ಹೇಳಿದ ಹುಡುಗಿಯೊಬ್ಬಳ ಮೇಲೆ ಕೂಗಾಡಿ, ತರಗತಿ ಬಿಟ್ಟು ನನ್ನ ಹತ್ತಿರ ಬಂದರು.

"ಒಂದು ಕೊಡಪ್ಪ. ತಲೆ ನಿಲ್ತಿಲ್ಲ."

ಕೊಟ್ಟೆ. ಕಡ್ಡಿ ಗೀರಿದವನೂ ನಾನೇ.

ಅದಾಗಿ ಕೆಲವೇ ತಿಂಗಳಿಗೆ ಅವರಿಗೆ ಲಕ್ವ ಹೊಡೆಯಿತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಎರಡು ವಾರ ಮಲಗಿದ್ದರು. ಮನೆಗೆ ಬಂದ ಮೇಲೆ ನೋಡಲು ಹೋದೆ. ಬಲಗೈಯಲ್ಲಿ ಶಕ್ತಿ ಇರಲಿಲ್ಲ, ಮಾತು ಸ್ವಲ್ಪ ತೊದಲುತ್ತಿತ್ತು. ನನ್ನ ಜೇಬಿನ ಸಿಗರೇಟು ಪ್ಯಾಕಿನ ಮೇಲೆ ಅವರ ಕಣ್ಣು ಬಿತ್ತು. ನಾನು ಗಾಬರಿಯಿಂದ ಮುಚ್ಚಿಕೊಂಡೆ.

"ಮುಚ್ಚಬ್ಯಾಡಪ್ಪ. ನಂಗದು ಬೇಕು ಅನ್ನಿಸೋದೇ ಇಲ್ಲ ಈಗ."

ನಾನು ನಂಬಲಿಲ್ಲ. ಅವರು ಎಡಗೈಯಲ್ಲಿ ಪೆನ್ನು ಹಿಡಿದು ಹಳೆಯ ಪೇಪರಿನ ಅಂಚಿನಲ್ಲಿ ಮಿದುಳಿನ ಚಿತ್ರ ಬರೆದರು. ಗೆರೆ ಸೊಟ್ಟಗಿತ್ತು. ಅದರ ಒಂದು ಬದಿಯಲ್ಲಿ, ಮಿದುಳಿನ ಮಡಿಕೆಯ ಒಳಗೆ, ಒಂದು ಚುಕ್ಕೆ ಇಟ್ಟರು. ಸ್ಕ್ಯಾನ್ ತೋರಿಸಿ ಡಾಕ್ಟರು ಹೇಳಿದ್ದನ್ನು ನನಗೆ ಪಾಠ ಮಾಡಿದರು.

"ಮೈಗೆ ಏನು ಬೇಕು ಅನ್ನೋದನ್ನ ಮನಸ್ಸಿಗೆ ಮುಟ್ಟಿಸೋದ್ರಾಗೆ ಈ ಜಾಗದ್ದು ದೊಡ್ಡ ಪಾಲು ಐತೆ. ನಂದು ಅಲ್ಲೇ ಸತ್ತೈತೆ. ಎಲ್ರಿಗೂ ಹಿಂಗಾಗಲ್ವಂತೆ. ಕೆಲವ್ರಿಗೆ ಆಗ್ತೈತಂತೆ." ಪೆನ್ನು ಕೆಳಗಿಟ್ಟು, "ಹಸಿವೂ ಸರಿಯಾಗಿ ಗೊತ್ತಾಗಲ್ಲ. ಗಡಿಯಾರ ನೋಡಿ ಉಣ್ತೀನಿ" ಅಂದರು.

ಆಗ ಹನ್ನೆರಡನೆಯ ದಿನದ ಮಾತು ಎತ್ತಿದೆ. ನಾನು ಕೊಡಬಾರದಿತ್ತು ಸಾರ್, ಅಂದೆ. ನೀನು ಕೊಡದಿದ್ದರೆ ಅಂಗಡಿಯವನು ಕೊಡುತ್ತಿದ್ದ ಎಂದರು. ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ.

ಅವರ ಹೆಂಡತಿ ಬಾಗಿಲವರೆಗೂ ಬಂದರು. "ಇಪ್ಪತ್ತು ವರ್ಷ ನಾನು ಅತ್ತಿದ್ದಕ್ಕೆ ಬಿಡ್ಲಿಲ್ಲ. ಈಗ ಬಿಟ್ಟವ್ರೆ ಅಂತ ಎಲ್ರೂ ಹೊಗಳ್ತಾರೆ. ನಂಗೆ ಖುಷಿನೇ ಆಗ್ತಿಲ್ಲಪ್ಪ." ನಾನು ಚಪ್ಪಲಿ ಮೆಟ್ಟಿಕೊಂಡೆ.

ಆ ವರ್ಷ ಶಾಲೆಯಲ್ಲಿ ತಂಬಾಕಿನ ವಿರುದ್ಧ ಒಂದು ಕಾರ್ಯಕ್ರಮವಾಯಿತು. ಛಲದಿಂದ ಬೀಡಿ ಬಿಟ್ಟ ಗುರುಗಳು ಎಂದು ಹೆಡ್ ಮೇಷ್ಟ್ರು ಅವರನ್ನು ಕರೆಸಿ ಶಾಲು ಹೊದಿಸಿದರು. ಇವರು ಮೈಕಿನ ಮುಂದೆ ನಿಂತು ಶಾಲನ್ನು ತೆಗೆದು ಕುರ್ಚಿಯ ಮೇಲಿಟ್ಟರು.

"ನಾನು ಬಿಟ್ಟಿಲ್ಲ ಮಕ್ಕಳೇ. ನನ್ನ ತಲೆ ಕೆಟ್ಟು ಅದು ಹೋತು. ಬಿಡೋದು ಅಂದ್ರೆ ಬೇಕು ಅನ್ನಿಸ್ತಾ ಇರೋವಾಗ ಬಿಡೋದು. ಅದು ನನ್ ಕೈಲಿ ಆಗ್ಲಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ಇಳಿಯುವಾಗ ನಾನು ತೋಳು ಹಿಡಿದುಕೊಂಡೆ. ಅವರು ನನ್ನ ಜೇಬು ನೋಡಿದರು.

ಮುಂದಿನ ವರ್ಷ ಇನ್ನೊಂದು ಸಲ ಲಕ್ವ ಹೊಡೆದು ಹೋಗಿಬಿಟ್ಟರು. ಮಣ್ಣಿಗೆ ಹೋಗಿ ಬಂದು ಸ್ನಾನ ಮಾಡಿ, ಉಳಿದಿದ್ದ ಪರೀಕ್ಷೆ ಪೇಪರು ತಿದ್ದಿದೆ. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ... ಸಿಗರೇಟು ಬಿಡಲು ಹೊರಟು ಮೂರು ಸಲ ಸೋತೆ. ನಾಲ್ಕನೆಯ ಸಲ ಬಿಟ್ಟು ಈಗ ಎರಡು ವರ್ಷ.

ಮೇಷ್ಟ್ರ ಹೆಂಡತಿ ಈಗ ಮತ್ತೋಡಿನಲ್ಲಿ ತಮ್ಮ ತಂಗಿಯ ಮನೆಯಲ್ಲಿದ್ದಾರೆ. ಹೋದ ವಾರ ಆ ಬಸ್ಸಿನಲ್ಲಿ ಅವರನ್ನು ನೋಡಲೆಂದೇ ಹೋಗಿದ್ದೆ. ಕುಂತ್ಕೋ ಅಂದವರು ಮೊದಲು ಕೇಳಿದ್ದೇ ಅದನ್ನು.

"ಸಿಗರೇಟು ಬಿಟ್ಯಂತೆ?"

"ಹೂಂ ಅಮ್ಮ."

"ಬೇಕು ಅನ್ನಿಸ್ತೈತಾ ಇನ್ನೂ?"

"ದಿನಾ ಅನ್ನಿಸ್ತೈತೆ."

ಅವರು ನನ್ನನ್ನೇ ನೋಡಿದರು. "ಹಂಗಾದ್ರೆ ನೀನು ಬಿಟ್ಟಿದ್ದೀಯ ಬಿಡು" ಅಂದು ಟೀ ಮಾಡಲು ಒಳಗೆ ಹೋದರು.

ನಾನು ಹೊರಗೆ ಜಗಲಿಯ ಮೇಲೆ ಕೂತಿದ್ದೆ. ಈ ಮಾತನ್ನು ಮೇಷ್ಟ್ರ ಬಾಯಲ್ಲಿ ಕೇಳಬೇಕಿತ್ತು. ಸಿಗರೇಟು ಬಿಡಲು ನಾನು ತಡ ಮಾಡಿದ್ದೆ.